ನೆಲ್ಲಿಕಾಯಿ ಎಂದು ಹೆಸರಿಟ್ಟ ಪುಟ

ಮೊಮ್ಮಕ್ಕಳೇ, ಫೋನಿನಲ್ಲಿ ಇಷ್ಟವಾದ ಪುಟಗಳನ್ನು ಉಳಿಸಿಕೊಂಡು ಅವಕ್ಕೆ ಬೇಕಾದ ಹೆಸರಿಡುವುದನ್ನು ನನಗೆ ಕಲಿಸಿದವರು ನೀವೇ. ರಂಗೋಲಿ, ಅಡುಗೆ, ಹೊಲಿಗೆ ಎಂದು ನೂರಾರು ಕೂಡಿಟ್ಟೆ. ಹೊನ್ನಾಳಿಯಲ್ಲಿ ಕೂತು ಚನ್ನಗಿರಿ, ನ್ಯಾಮತಿ, ಜಗಳೂರಿನ ನಮ್ಮ ಮನೆತನದ ಹೆಂಗಸರ ಗುಂಪಿಗೆ ದಿನಕ್ಕೊಂದು ಕಳಿಸುತ್ತಿದ್ದೆ. ನಾಲ್ಕು ಜನರ ಮುಂದೆ ಬಾಯಿ ಬಿಡದ ನನಗೆ ಅದೇ ಮಾತು.

ನೀವು ಕಲಿಸಿದ ವರ್ಷವೇ ಒಂದು ದಿನ ಸ್ನಾನ ಮಾಡುವಾಗ ಎದೆಯಲ್ಲಿ ಸಣ್ಣ ನೆಲ್ಲಿಕಾಯಿಯಷ್ಟು ಗಂಟು ಕೈಗೆ ಸಿಕ್ಕಿತು. ಯಾರಿಗೂ ಹೇಳಲಿಲ್ಲ. ನಿಮ್ಮ ತಾತ ಆಗಲೇ ತೀರಿಕೊಂಡಿದ್ದರು. ಇಂಥದ್ದನ್ನು ಇನ್ಯಾರ ಹತ್ತಿರ ಹೇಳಲಿ? ಅದರ ಬಗ್ಗೆ ಬರೆದಿದ್ದ ಒಂದು ಪುಟ ಹುಡುಕಿ, ನಿಮ್ಮ ಕಣ್ಣಿಗೂ ಬೀಳದಿರಲೆಂದು ‘ನೆಲ್ಲಿಕಾಯಿ’ ಎಂದು ಹೆಸರಿಟ್ಟು ಉಳಿಸಿದೆ. ಎರಡು ತಿಂಗಳು ಅದನ್ನೇ ತೆಗೆಯುವುದು, ಓದುವುದು, ಮುಚ್ಚುವುದು.

ಒಂದು ಮಧ್ಯಾಹ್ನ ಜಗಳೂರಿನ ನಾದಿನಿ ಗುಂಪಿನಲ್ಲಿ ನೆಲ್ಲಿಕಾಯಿ ಉಪ್ಪಿನಕಾಯಿ ಮಾಡುವ ಪುಟ ಕೇಳಿದಳು. ಅದೂ ನನ್ನಲ್ಲಿತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಅವಸರದಲ್ಲಿ ‘ನೆಲ್ಲಿಕಾಯಿ’ ಎಂದು ಕಂಡದ್ದನ್ನು ಒತ್ತಿ ಕಳಿಸಿದೆ. ಹಾಲಿಳಿಸಿ ಬಂದು ನೋಡಿದರೆ ದಪ್ಪ ಅಕ್ಷರ: ‘ಸ್ತನದಲ್ಲಿ ಗಂಟೇ? ತಡ ಮಾಡಬೇಡಿ.’ ಜೊತೆಗೆ ಚಿತ್ರ ಬೇರೆ.

ಅಳಿಸಲು ಹೋಗಿ ‘ನನಗೆ ಮಾತ್ರ’ ಎನ್ನುವುದನ್ನು ಒತ್ತಿಬಿಟ್ಟೆ. ನನ್ನ ಫೋನಿನಿಂದ ಹೋಯಿತು, ಅವರೆಲ್ಲರ ಫೋನಿನಲ್ಲಿ ಉಳಿಯಿತು. ಇನ್ನು ನಾನು ಏನೂ ಮಾಡುವಂತಿರಲಿಲ್ಲ. ಏನು ಕಳಿಸಿದರೂ ಹೂವಿನ ಚಿತ್ರ ಹಾಕುವವರು ಕೂಡ ಆವತ್ತು ಸುಮ್ಮನಿದ್ದರು. ಬಾಗಿಲು ಹಾಕಿಕೊಂಡು ಕೂತೆ.

ಫೋನು ಬಡಿದುಕೊಂಡಿತು. ನಾದಿನಿ.

“ಅತ್ತಿಗೆ, ಇದೆಂಥ ಉಪ್ಪಿನಕಾಯಿರೀ? ಖಾರ ಎಷ್ಟು ಹಾಕಾಕೆ ಬರ್ದೈತೆ?”

“ತಪ್ಪಿ ಬಂದೈತೆ ಕಣೆ. ನನಗೆ ಯಾರೋ ಕಳ್ಸಿದ್ದು.”

“ನಿಮಗೆ ಯಾರು ಕಳಿಸ್ತಾರೆ? ನಮಗೆಲ್ಲ ಕಳ್ಸೋರೇ ನೀವು!”

“ಒಲೆ ಮೇಲೆ ಹಾಲೈತೆ, ಇಡ್ತೀನಿ,” ಅಂದೆ. ಅವಳ ನಗು ನಿಂತಿತು.

“ಯಾವ ಕಡೆ?” ಅಂದಳು.

“ಎಡಗಡೆ.”

“ಎಷ್ಟು ದಿನ ಆತು?”

“ಎರಡು ತಿಂಗಳು.”

“ಓದಿ ಓದಿ ಕರಗಿಸಾಕೆ ನೋಡಿದ್ರೇನು? ನಾಳೆ ಮೊದಲ್ನೇ ಬಸ್ಸಿಗೆ ದಾವಣಗೆರೆಗೆ ಬರ್ರಿ. ಬಸ್ ಸ್ಟ್ಯಾಂಡಿನಾಗೆ ನಿಂತಿರ್ತೀನಿ. ಬರ್ಲಿಲ್ಲ ಅಂದ್ರೆ ಗುಂಪಿನಾಗೆ ಎಲ್ಲಾ ಬರೀತೀನಿ ನೋಡ್ರಿ!”

ಹೋದೆ. ಗಂಟು ಕೆಟ್ಟದ್ದೇ ಆಗಿತ್ತು, ಆದರೆ ಇನ್ನೂ ಹರಡಿರಲಿಲ್ಲ, ತೆಗೆದುಹಾಕಿದರು. ಅಜ್ಜಿಗೆ ಸೊಂಟನೋವು, ಅದಕ್ಕೇ ಆಸ್ಪತ್ರೆ ಎಂದು ಆಗ ನಿಮಗೆ ಹೇಳಿದ್ದೆವು. ಅದು ಸುಳ್ಳು. ಈಗ ಬರೆದು ತಿಳಿಸಿದ್ದೇನೆ. ಓದಿಕೊಳ್ಳಿ, ಎದುರಿಗೆ ಕೂತು ಮಾತ್ರ ಕೇಳಬೇಡಿ.