ನಡುಗುವ ಬಳಪ ಮತ್ತು ತಿಪ್ಪೇಸ್ವಾಮಿ

ತಿಪ್ಪೇಸ್ವಾಮಿಯವರ ಜೊತೆ ಮಾತಾಡಬೇಕಾದರೆ, ಅವರ ಬಾಯಲ್ಲಿ ಎಷ್ಟು ಸ್ಕ್ರೂ ಇವೆ ಎಂದು ಮೊದಲು ನೋಡಿಕೊಳ್ಳಬೇಕಿತ್ತು. ಲ್ಯಾಪ್‌ಟಾಪಿನ ಬೆನ್ನು ಬಿಚ್ಚುವಾಗ ಒಂದೊಂದೇ ಸ್ಕ್ರೂ ತೆಗೆದು, ದರ್ಜಿ ಗುಂಡುಸೂಜಿ ಕಚ್ಚಿಕೊಳ್ಳುವಂತೆ, ತುಟಿಗಳ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದರು. ಹತ್ತು ಹನ್ನೊಂದು ಸೇರಿದ ಮೇಲೆ ಮಾತೆಲ್ಲ ಮೂಗಿನಿಂದಲೇ. ಒಂದು 'ಹ್ಞೂಂ' ಅಂದರೆ ಸರಿಯಾಗುತ್ತದೆ; ಎರಡು ಅಂದರೆ ನಾಳೆ ಬರ್ರಿ; ಹುಬ್ಬೇರಿಸಿ ಉದ್ದಕ್ಕೆ ಎಳೆದರೆ, ಇದನ್ನು ಹಿಂಗೆ ಮಾಡಿದ ಪುಣ್ಯಾತ್ಮ ಯಾರು ಎಂದು ಅರ್ಥ.

ಸ್ಕ್ರೂ ಹಾಕಿಡಲೆಂದು ನಾನೊಮ್ಮೆ ಸಣ್ಣ ಸ್ಟೀಲ್ ಡಬ್ಬಿ ಕೊಟ್ಟಿದ್ದೆ. ಮುಂದಿನ ಸಲ ಹೋದಾಗ ಅದರಲ್ಲಿ ಹುರಿದ ಕಡ್ಲೆಬೀಜ ಇತ್ತು.

"ಡಬ್ಬೀಲಿಟ್ರೆ ಆ ಡಬ್ಬಿ ಎಲ್ಲಿಟ್ಟೆ ಅಂತ ಹುಡುಕ್ಬೇಕು ಮೇಷ್ಟ್ರೆ. ಬಾಯಿ ಎಲ್ಲೂ ಹೋಗಾಕಿಲ್ಲ" ಅಂದರು.

"ನುಂಗಿಬಿಟ್ರೆ?"

"ಒಂದ್ಸಲ ನುಂಗಿದ್ದೆ. ಎರಡು ದಿನ ಬಿಟ್ಟು ಬರ್ರಿ, ಅದೇ ಸ್ಕ್ರೂ ಹಾಕಿಕೊಡ್ತೀನಿ ಅಂದೆ. ಗಿರಾಕಿ ಬ್ಯಾಡವೇ ಬ್ಯಾಡ ಅಂತ ಓಡಿದ."

ಅವರದು ಹೊಸದುರ್ಗ ತಾಲ್ಲೂಕಿನ ಮತ್ತೋಡು. ಕುರಿ ಸಾಕುವ ಮನೆತನ. ಕುರಿ ಕಾಯುವಾಗ ಹೆಗಲಿಗೆ ನೇತುಹಾಕಿಕೊಂಡಿದ್ದ ರೇಡಿಯೊ ಕೆಟ್ಟಿತೆಂದು ಬಿಚ್ಚಿದವರು, ಆಮೇಲೆ ಬಿಚ್ಚುವುದನ್ನು ನಿಲ್ಲಿಸಲೇ ಇಲ್ಲ. ರೇಡಿಯೊ ಹೋಗಿ ಟಿವಿ ಬಂತು, ಟಿವಿ ಹೋಗಿ ಕಂಪ್ಯೂಟರ್ ಬಂತು. ಚಿತ್ರದುರ್ಗದಲ್ಲಿ ಎರಡು ಕುರ್ಚಿ ಹಿಡಿಯುವಷ್ಟು ಜಾಗದ ಅಂಗಡಿ ಇಟ್ಟುಕೊಂಡಿದ್ದರು. ಯಾವ ಯಂತ್ರವನ್ನೂ 'ಕೆಟ್ಟೈತೆ' ಅನ್ನುತ್ತಿರಲಿಲ್ಲ. 'ಮುನಿಸ್ಕಂಡೈತೆ' ಅನ್ನುತ್ತಿದ್ದರು. ಮುನಿಸಿಕೊಂಡವರನ್ನು ಬೈದರೆ ಕೆಲಸವಾಗುವುದಿಲ್ಲ ಎಂಬುದು ಅವರ ಸಿದ್ಧಾಂತ.

ನನ್ನ ಲ್ಯಾಪ್‌ಟಾಪ್ ಮುನಿಸಿಕೊಂಡದ್ದು ಗೋಡೆ ಗಡಿಯಾರದ ದೆಸೆಯಿಂದ. ನಾನು ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದೂ ಉಂಟು. ಪರದೆಯ ಮೇಲೆ ಪೆನ್ನಿನಲ್ಲೇ ಬರೆಯಬಹುದಾದ ಲ್ಯಾಪ್‌ಟಾಪು ಕೊಂಡು ಒಂದು ವರ್ಷವಾಗಿತ್ತು. ಕುರಿಮರಿಯೊಂದರ ಕಥೆಗೆ ಚಿತ್ರ ಬರೆಯುತ್ತಿದ್ದೆ, ಅರ್ಧ ಮುಗಿದಿತ್ತು. ಆಗ ತಲೆಯ ಮೇಲಿನ ಮೊಳೆ ಸಡಿಲಾಗಿ ಗಡಿಯಾರ ನೇರ ಪರದೆಯ ಮೇಲೆ ಬಿತ್ತು. ಗಡಿಯಾರಕ್ಕೆ ಏನೂ ಆಗಲಿಲ್ಲ.

ತಿಪ್ಪೇಸ್ವಾಮಿ ಹೊಸ ಪರದೆ ತರಿಸಿ ಕೂರಿಸಿಕೊಟ್ಟರು. ಬೆರಳಿಟ್ಟರೆ ಎಲ್ಲವೂ ಸರಿ. ಮನೆಗೆ ಬಂದು ಪೆನ್ನಿಟ್ಟರೆ, ನಾನು ಒತ್ತಿದ ಕಡೆ ಗೆರೆ ಮೂಡದೆ ಒಂದು ಜೋಳದ ಕಾಳಿನಷ್ಟು ಪಕ್ಕಕ್ಕೆ ಮೂಡಿತು. ಸಾಲದ್ದಕ್ಕೆ ಓರೆಗೆರೆ ಎಳೆದರೆ ಅದು ಚಳಿಗೆ ಸಿಕ್ಕ ಕೋಳಿಯಂತೆ ನಡುಗುತ್ತಿತ್ತು. ಮಾರನೆಯ ದಿನವೇ ಬಸ್ಸು ಹತ್ತಿದೆ.

"ಬರ್ರಿ, ಕುಂತ್ಕಳ್ರಿ" ಎಂದು ಪೆನ್ನನ್ನು ಇಸಿದುಕೊಂಡರು. ಅದನ್ನು ಅವರು ಕರೆಯುತ್ತಿದ್ದುದು ಬಳಪ ಎಂದು. ಪರದೆಯ ಮೇಲೆ ಮೂಡಿದ ಗುರುತುಗಳನ್ನೆಲ್ಲ ಒಂದೊಂದಾಗಿ ಒತ್ತಿ, ಗೆರೆ ಪಕ್ಕಕ್ಕೆ ಹೋಗುವುದನ್ನು ಹತ್ತು ನಿಮಿಷದಲ್ಲಿ ಸರಿಮಾಡಿದರು. ನಡುಕ ಮಾತ್ರ ಹೋಗಲಿಲ್ಲ. ಬಳಪದ ಬ್ಯಾಟರಿ ಬದಲಾಯಿಸಿದರು. ಮೊನೆ ಬದಲಾಯಿಸಿದರು. ಕೊನೆಗೆ ನನ್ನ ಕೈಯನ್ನೇ ದಿಟ್ಟಿಸಿ ನೋಡಿದರು.

"ಮೇಷ್ಟ್ರೆ, ತಪ್ಪು ತಿಳ್ಕಬ್ಯಾಡ್ರಿ. ಸಕ್ಕರೆ ಕಾಯಿಲೆ ಏನಾರ ಐತಾ?"

ನಗಬೇಕಾದ ಮಾತು. ಆದರೆ ನನಗೆ ನಗು ಬರಲಿಲ್ಲ. ಗೆರೆ ಎಳೆದೇ ಬದುಕಿದವನಿಗೆ ಕೈ ನಡುಗುತ್ತದೆ ಎಂದರೆ ಹಾಡುವವನಿಗೆ ಗಂಟಲು ಕಟ್ಟಿತು ಅಂದಂತೆ. ಮನೆಗೆ ಹೋಗಿ ಹಳೇ ಪರೀಕ್ಷೆ ಪೇಪರುಗಳ ಹಿಂದೆ ಹೆಂಡತಿಗೆ ಕಾಣದಂತೆ ಗೆರೆ ಎಳೆದು ನೋಡಿದೆ. ಕಾಗದದ ಮೇಲೆ ನೆಟ್ಟಗಿದ್ದವು. ಆದರೂ ಧೈರ್ಯ ಸಾಲದೆ ರಕ್ತ ಪರೀಕ್ಷೆ ಮಾಡಿಸಿಕೊಂಡೆ. ಸಕ್ಕರೆ ಇರಲಿಲ್ಲ.

ಎರಡನೇ ಸಲ ಹೋದಾಗ ವರದಿಯನ್ನು ಮೇಜಿನ ಮೇಲಿಟ್ಟೆ. ತಿಪ್ಪೇಸ್ವಾಮಿ ಅದನ್ನು ಓದಿ, "ಹಂಗಾರೆ ನಾನೇ ಬರೀತೀನಿ ಕೊಡ್ರಿ" ಎಂದು ಬಳಪ ಹಿಡಿದರು. ಬೇರೆಯವರಾಗಿದ್ದರೆ ಸೊನ್ನೆ ಸುತ್ತುತ್ತಿದ್ದರು. ಇವರು ನಾಲಿಗೆ ಕಚ್ಚಿಕೊಂಡು ಕುರಿ ಬರೆದರು. ಗೆರೆ ನಡುಗಿ ನಡುಗಿ ಕುರಿಯ ಮೈತುಂಬ ಉಣ್ಣೆ ಬಂತು.

"ಇದೇ ಚೆಂದಾಗೈತೆ, ಹಿಂಗೇ ಬಿಡಾಣ" ಅಂದರು. ನನ್ನ ಮುಖ ನೋಡಿ, "ಆತು ಬಿಡ್ರಿ, ತಮಾಷಿ ಮಾಡಿದೆ" ಅಂದರು. ಆಮೇಲೆ ನನ್ನ ಚಿತ್ರಗಳನ್ನು ತೆರೆಯಿಸಿ ಒಂದೊಂದನ್ನೇ ನೋಡುತ್ತಾ ಹೋದರು. ಅವರ ಹುಬ್ಬು ಏರಿತು.

"ಇದು ಯಾರ ಕಥೆ ಅಂದ್ರಿ?"

"ಕುರಿಮರೀದು."

"ಮತ್ತೆ ಮೇಕೆ ಯಾಕೆ ಬರ್ದಿದೀರಿ? ಬಾಲ ನೋಡ್ರಿ, ಮ್ಯಾಲಕ್ಕೆ ನಿಂತೈತೆ. ಕುರಿ ಬಾಲ ಕೆಳಕ್ಕೆ ಬೀಳ್ತೈತೆ, ಮೇಕೆ ಬಾಲ ನಿಲ್ತೈತೆ. ನಮ್ ಹಟ್ಟೀಲಿ ಹುಡುಗ್ರು ನಡಿಯಾಕೆ ಕಲಿಯೋಕ್ ಮುಂಚೆ ಇದು ಕಲೀತಾರೆ."

ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕುರಿ ಬರೆಯುವುದನ್ನು ಹೇಳಿಕೊಟ್ಟಿದ್ದೆ. ಹೊಳಲ್ಕೆರೆಯ ಸುತ್ತಮುತ್ತ ಎಷ್ಟು ಜನರ ಕುರಿಗಳ ಬಾಲ ಆಕಾಶ ನೋಡುತ್ತಿವೆಯೋ!

ಮೂರನೇ ಸಲ ಹೋದದ್ದು ಒಂದು ಮಧ್ಯಾಹ್ನ. ಅಂಗಡಿಯಲ್ಲಿ ಮೂರು ಜನ ಗಿರಾಕಿಗಳಿದ್ದರು. ಚಿತ್ರಗಳನ್ನು ಕೊಡಬೇಕಾದ ದಿನ ದಾಟಿ, ಬೆಂಗಳೂರಿನ ಸಂಪಾದಕಿ ಬೇರೆ ಕಲಾವಿದರನ್ನು ನೋಡಿಕೊಳ್ಳಲೇ ಎಂದು ಕೇಳಿದ್ದರು. ಅದನ್ನು ಹೇಳಿದೆ. ತಿಪ್ಪೇಸ್ವಾಮಿ ಸ್ಕ್ರೂಗಳನ್ನು ಬಾಯಿಗೆ ಹಾಕಿಕೊಳ್ಳುತ್ತಾ ಹೋದರು. ಪರದೆ ಎತ್ತಿ, ಹಿಂಬದಿಯನ್ನು ಬಹಳ ಹೊತ್ತು ನೋಡಿದರು. ಹಳೇ ಒಡೆದ ಪರದೆಯನ್ನು ಕಪಾಟಿನಿಂದ ತೆಗೆದು ಪಕ್ಕದಲ್ಲಿಟ್ಟು ನೋಡಿದರು. ಹಳೆಯದರ ಬೆನ್ನಿನ ಮೇಲೆ ಏನನ್ನೋ ಕಿತ್ತ ಅಂಟಿನ ಗುರುತಿತ್ತು. ಇದ್ದಕ್ಕಿದ್ದಂತೆ ಬಗ್ಗಿ, ಮೇಜಿನ ಅಂಚಿನ ಕೆಳಗೆ ತಡಕಿದರು. ಅಲ್ಲಿಂದ ಬೆರಳಗಲದ ತಾಮ್ರದ ತೆಳು ಪಟ್ಟಿಯೊಂದು ಕಿತ್ತು ಬಂತು.

ಅಂಗೈಗೆ ಸ್ಕ್ರೂಗಳನ್ನೆಲ್ಲ ಉಗಿದುಕೊಂಡರು. ಕೆಲಸದ ನಡುವೆ ಅವರ ಬಾಯಿ ಖಾಲಿಯಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಮೇಷ್ಟ್ರೆ, ತಪ್ಪು ನಂದು. ಈ ಪಟ್ಟಿ ಹಳೇದ್ರಿಂದ ಕಿತ್ತು ಹೊಸದಕ್ಕೆ ಹಚ್ಬೇಕಿತ್ತು. ಮರೀಬಾರ್ದು ಅಂತ ಇಲ್ಲಿ ಅಂಟಿಸ್ಕಂಡೆ, ಅಂಟಿಸಿದ್ದೇ ಮರ್ತೆ. ಇದಿಲ್ದಿದ್ರೆ ಕರೆಂಟು ಪರದೆಯೆಲ್ಲ ಅಡ್ಡಾಡ್ತೈತೆ, ಬಳಪ ನಡುಗ್ತೈತೆ. ನಡುಗಿದ್ದು ನಿಮ್ ಕೈಯಲ್ಲ, ನನ್ ತಲೆ."

ಗಿರಾಕಿಗಳು ಮೂವರೂ ಕೇಳಿಸಿಕೊಂಡರು. ಅವರ ಮುಂದೆ ಬೇರೇನಾದರೂ ನೆಪ ಹೇಳಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಪಟ್ಟಿ ಹಚ್ಚಿ, ಮುಚ್ಚಿ, ಬಳಪ ನನ್ನ ಕೈಗೆ ಕೊಟ್ಟರು. ಮೂಲೆಯಿಂದ ಮೂಲೆಗೆ ಗೆರೆ ಎಳೆದೆ. ದಾರ ಹಿಡಿದಂತೆ ನೆಟ್ಟಗೆ ಬಂತು. ನನ್ನ ಕಣ್ಣು ಮಂಜಾಯಿತು.

ಅವರು ಅಷ್ಟಕ್ಕೇ ಬಿಡಲಿಲ್ಲ. "ಆ ಅಮ್ಮಾರಿಗೆ ಫೋನ್ ಹಚ್ರಿ" ಎಂದರು. ಬೇಡವೆಂದರೂ ಕೇಳಲಿಲ್ಲ.

"ಅಮ್ಮಾರೆ, ನಾನು ದುರ್ಗದಿಂದ ರಿಪೇರಿ ತಿಪ್ಪೇಸ್ವಾಮಿ. ತಡ ಆಗಿದ್ದು ಮೇಷ್ಟ್ರದಲ್ಲ, ನಂದು. ಇನ್ನು ಹತ್ತು ದಿನ ಕೊಡ್ರಿ. ಇನ್ನೊಂದ್ ಮಾತು, ಇಷ್ಟ್ ದಿನ ಅವ್ರು ಬರ್ದಿದ್ದು ಮೇಕೆ. ಈಗ ಕುರಿ ಬರೀತಾರೆ."

ಆ ಕಡೆಯಿಂದ ಸಂಪಾದಕಿ ನಗುವುದು ನನಗೂ ಕೇಳಿಸಿತು. ಹತ್ತು ದಿನ ಸಿಕ್ಕಿತು.

ಪುಸ್ತಕ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಚೀಲದ ತುಂಬ ಅವರೆಕಾಯಿ ಹಿಡಿದು ಹೊಳಲ್ಕೆರೆಯ ನಮ್ಮ ಮನೆಗೇ ಬಂದರು. ಕಾಫಿ ಕುಡಿದರು. ಬಳಪ ಹೆಂಗೈತೆ ಎಂದು ವಿಚಾರಿಸಿದರು. ಹೊರಡಲು ಎದ್ದವರು ಮತ್ತೆ ಕುಳಿತರು.

"ನಮ್ಮಪ್ಪಂದು ಒಂದು ಫೋಟೋನೂ ಇಲ್ಲ ಮೇಷ್ಟ್ರೆ. ನಾನು ಹೇಳ್ತೀನಿ, ನೀವು ಬರೀರಿ. ಆಗ್ತೈತಾ?"

ಆಗುತ್ತದೆ ಎಂದು ಕುಳಿತೆ. ಅವರು ಹೇಳಿದಂತೆ ಮೂಗು, ಮೀಸೆ, ರುಮಾಲು ಎಲ್ಲ ಬರೆದೆ.

"ಊಹ್ಞೂಂ. ಇವ್ನು ನಮ್ಮ ದೊಡ್ಡಪ್ಪ ಆದ."

ಮೂಗು ಸಣ್ಣ ಮಾಡಿದೆ.

"ಇವ್ನ್ಯಾರೋ ಪೋಸ್ಟ್‌ಮ್ಯಾನು."

ಊಟದ ಹೊತ್ತಾಯಿತು. ಎಂಟು ಮುಖ ಬರೆದಿದ್ದೆ, ಒಬ್ಬನೂ ಅಪ್ಪನಾಗಲಿಲ್ಲ. ತಿಪ್ಪೇಸ್ವಾಮಿ ಸಪ್ಪಗಾಗಿ, "ಮುಖ ಮರ್ತೇಬಿಟ್ನೇನೋ" ಅಂದರು.

"ಕಣ್ಣು ಮುಚ್ಚಿದ್ರೆ ಏನು ಕಾಣುತ್ತೆ?" ಎಂದು ಕೇಳಿದೆ.

ಕಣ್ಣು ಮುಚ್ಚಿದರು. "ಬೆನ್ನು" ಅಂದರು. "ನಾನು ಹಿಂದ್ಗಡೆ, ಅಪ್ಪ ಮುಂದ್ಗಡೆ. ಯಾವಾಗ್ಲೂ ಹಂಗೇ."

ಎಂಟೂ ಮುಖ ಅಳಿಸಿ ಬೆನ್ನು ಬರೆದೆ. ಎಡ ಹೆಗಲ ಮೇಲೆ ಕಂಬಳಿ. ಕತ್ತಿನ ಹಿಂದೆ ಅಡ್ಡಲಾಗಿ ಕೋಲು, ಅದರ ಮೇಲೆ ಎರಡೂ ಕೈ. "ಎಡಗಾಲು ಒಂಚೂರು ಹೊರಗೆ, ಮುಳ್ಳು ಮುರ್ಕಂಡು ಹಂಗಾಗಿತ್ತು" ಅಂದರು. ಕಾಲು ತಿದ್ದಿದೆ. ಅವರು ಮೆಲ್ಲಗೆ ಕೈ ಚಾಚಿ ಆ ಹಿಮ್ಮಡಿಯನ್ನು ಮುಟ್ಟಿದರು. ಬೆರಳು ತಾಕಿದ್ದೇ ತಡ, ಚಿತ್ರ ಪರದೆಯ ಮೇಲೆ ಮುಂದಕ್ಕೆ ಸರಿಯಿತು. ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು.

"ನೋಡ್ರಿ, ಹೋಗ್ತಾ ಅವ್ನೆ. ಕರೆದ್ರೂ ನಿಲ್ತಿರಲಿಲ್ಲ" ಎಂದು ನಕ್ಕರು. ನಗುತ್ತಲೇ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು.

ತಿಪ್ಪೇಸ್ವಾಮಿ ಹೋಗಿ ಈಗ ಒಂದು ವರ್ಷದ ಮೇಲಾಯಿತು. ಹೃದಯ ನಿಂತಿತಂತೆ, ಅಂಗಡಿಯಲ್ಲೇ. ನನಗೆ ತಿಳಿದದ್ದು ತಿಥಿಯೂ ಕಳೆದ ಮೇಲೆ. ಆ ಜಾಗದಲ್ಲೀಗ ಮೊಬೈಲಿನ ಕವರು ಮಾರುತ್ತಾರೆ.

ಅವರನ್ನು ಕೊನೆಯ ಸಲ ಕಂಡದ್ದು ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ. ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಕಟ್ಟು ಹಾಕಿಸಿದ್ದೆ. ಊರಿನ ಮನೆಯಲ್ಲಿ ತೂಗುಹಾಕಬೇಕೆಂದು ಒಯ್ಯಲು ಬಂದಿದ್ದರು. ಹೊಸದುರ್ಗದ ಬಸ್ಸು ಕಿಕ್ಕಿರಿದಿತ್ತು. ವಯಸ್ಸಾದವರೆಂದು ಯಾರೋ ಎದ್ದು ಕಿಟಕಿಯ ಪಕ್ಕ ಜಾಗ ಕೊಟ್ಟರು. ತಿಪ್ಪೇಸ್ವಾಮಿ ಆ ಸೀಟಿನಲ್ಲಿ ಚಿತ್ರವನ್ನು ಕೂರಿಸಿ, ತಾವು ಕಂಬಿ ಹಿಡಿದು ಪಕ್ಕದಲ್ಲಿ ನಿಂತರು.

"ಯಜಮಾನ್ರೆ, ಅದನ್ನ ಮ್ಯಾಲಿಡ್ರಿ, ನೀವು ಕುಂತ್ಕಳ್ರಿ" ಎಂದರು ಕಂಡಕ್ಟರು.

"ನಾನು ನಿಂತ್ಕತೀನಿ ಬಿಡಪ್ಪ" ಅಂದರು ತಿಪ್ಪೇಸ್ವಾಮಿ. "ಅವ್ನು ಭಾಳ ನಡೆದವ್ನೆ."