ಗಂಡನ ಹೆಸರು ಕೇಳಿದ್ದು

ತುಂಗಭದ್ರೆ ಉಕ್ಕಿದ ವರ್ಷ ಮುಂಡರಗಿ ಕಡೆಯ ಶಾಲೆಯೊಂದರ ಪರಿಹಾರ ಕೇಂದ್ರದಲ್ಲಿ ನಾನು ನರ್ಸ್ ಆಗಿದ್ದೆ. ದೋಣಿಯವರು ಒಬ್ಬ ಮುದುಕನನ್ನೂ ಅವನ ಹೆಂಡತಿಯನ್ನೂ ತಂದಿಳಿಸಿದರು. ಅವನಿಗೆ ಜ್ವರದಲ್ಲಿ ಎಚ್ಚರವಿರಲಿಲ್ಲ. ಔಷಧದ ಚೀಟಿಗಳು ನೀರುಪಾಲಾಗಿದ್ದವು, ಗುರುತಿನವರು ಯಾರೂ ಇರಲಿಲ್ಲ. ಡಾಕ್ಟರು ಸೂಜಿ ತುಂಬಿಕೊಂಡು ನಿಂತಿದ್ದರು.

ಹಿಂದೆ ಗದಗಿನ ಆಸ್ಪತ್ರೆಯೊಂದರಲ್ಲಿ ತೋರಿಸಿದ್ದರಂತೆ. ಹಳೆಯ ದಾಖಲೆ ಕೇಳಲು ಅಲ್ಲಿಗೆ ಫೋನ್ ಹಚ್ಚಿದೆ.

"ಕಂಪ್ಯೂಟರ್‌ನ್ಯಾಗ ನೋಡ್ತೀವಿ, ಪೇಷಂಟ್ ಹೆಸರು ಹೇಳ್ರಿ," ಎಂದರು.

ಹೆಂಡತಿಯನ್ನು ಕೇಳಿದೆ. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಜೀವ ಹೊಂಟೈತಿ, ಹೆಸರು ಹೇಳಬೇ!" ಎಂದು ಚೀರಿದೆ.

"ಹೆಸರ್ಯಾಕ್ರೀ ಅಕ್ಕಾರ? ಯಾವ ಸೂಜಿ ಆಗಂಗಿಲ್ಲಂತ ಕೇಳ್ರಿ. ಪೆನ್ಸಿಲಿನ್ ಬ್ಯಾಡಂತ ಗದಗಿನ ಡಾಕ್ಟರು ನನಗ ಬಾಯಿಪಾಠ ಮಾಡಿಸ್ಯಾರ."

ಡಾಕ್ಟರ ಕೈಯಲ್ಲಿದ್ದದ್ದು ಅದೇ ಸೂಜಿ.