ಚಂದ್ರಕಲಾ ಕೂಗಿದ ಸಿಗ್ನಲ್

ನಮ್ಮ ಯಜಮಾನರು ಮುನಿರಾಮಪ್ಪ ಮೂವತ್ತೆರಡು ವರ್ಷ ರೈಲು ಓಡಿಸಿದವರು. ನಿವೃತ್ತಿಯಾದ ಮೇಲೆ ಮಾಲೂರಿನಲ್ಲಿ ಹಳಿಯ ಪಕ್ಕದಲ್ಲೇ ಮನೆ ಸಿಕ್ಕಿತು. ಆದರೆ ಒಂದು ದಿನವೂ ಹಳಿಯ ಕಡೆ ಮುಖ ಮಾಡಿ ಕೂತವರಲ್ಲ. ಬಾಯಿಬಿಟ್ಟು ಕಾರಣ ಹೇಳುವ ಪೈಕಿಯೂ ಅಲ್ಲ. ಕೇಳಿ ಕೇಳಿ ನನಗೇ ಸಾಕಾಗಿತ್ತು.

ಅಂಥವರ ಹತ್ತಿರ ಪಾಠಕ್ಕೆ ಬಂದವಳು ಗೌನಿಪಲ್ಲಿಯ ಚಂದ್ರಕಲಾ. ವೇಮಗಲ್‌ನ ಕಾರ್ಖಾನೆಯಲ್ಲಿ ಕೆಲಸ, ತಲೆತುಂಬ ರೈಲಿನ ಹುಚ್ಚು. ಡ್ರೈವರ್ ನೌಕರಿ ಎರಡು ಸಲ ಕೈತಪ್ಪಿತ್ತು. ವಯಸ್ಸಿನ ಮಿತಿ ನೋಡಿದರೆ ಈ ಇಂಟರ್‌ವ್ಯೂವೇ ಕೊನೆಯದು. "ಇದೂ ಹೋದ್ರೆ ನಮ್ಮಪ್ಪ ಯಾರಿಗೋ ಕಟ್ಟಿ ಕೈ ತೊಳ್ಕೋತಾರೆ ಆಂಟಿ" ಎಂದು ಅಡುಗೆಮನೆಯಲ್ಲಿ ನನ್ನ ಮುಂದೆ ಅತ್ತಿದ್ದಳು. ನಾನೇ ಇವರನ್ನು ಕಾಡಿ ಬೇಡಿ ಒಪ್ಪಿಸಿದೆ. ಒಪ್ಪಿಸಬಾರದಿತ್ತೋ ಏನೋ.

ದಿನಾ ಸಂಜೆ ವರಾಂಡದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಭ್ಯಾಸ. ಎಡಕ್ಕೆ ಡ್ರೈವರ್ ಇವರು, ಬಲಕ್ಕೆ ಸಹಾಯಕಿ ಅವಳು. ಎಂಜಿನ್ನಿನಲ್ಲಿ ಒಂದು ಪದ್ಧತಿಯಿದೆ: ಸಿಗ್ನಲ್ ಕಂಡ ಕೂಡಲೇ ಸಹಾಯಕ ಕೈ ಎತ್ತಿ ಕೂಗಬೇಕು, ಡ್ರೈವರ್ ಅದನ್ನೇ ತಿರುಗಿ ಕೂಗಬೇಕು. ಬರೀ ಗೋಡೆ ನೋಡಿಕೊಂಡು ಇಬ್ಬರೂ ಅರಚುವುದನ್ನು ಕಂಡು ನನಗೆ ನಗು ತಡೆಯುತ್ತಿರಲಿಲ್ಲ.

ಇಂಟರ್‌ವ್ಯೂಗೆ ಎರಡು ದಿನ ಉಳಿದಿತ್ತು. "ಹಸಿರು!" ಎಂದಳು. "ಹಸಿರು!" ಎಂದರು. "ಹಳದಿ!" ಎಂದಳು. "ಹಳದಿ!" ಎಂದರು. ಆಮೇಲೆ ಅವಳು ಎತ್ತಿದ ಕೈ ಇಳಿಸಲೇ ಇಲ್ಲ.

"ಲೈನ್ ಮೇಲೆ ಹೆಂಗಸು!"

"ಲೈನ್ ಮೇಲೆ ಹೆಂಗಸು!" ಎಂದು ಇವರೂ ಕೂಗಿಬಿಟ್ಟರು. ಅಷ್ಟು ವರ್ಷದ ಅಭ್ಯಾಸ, ಬಾಯಿ ಕೇಳಬೇಕಲ್ಲ! ಕೂಗಿದ ಮೇಲೆ ಮುಖ ಬಿಳಿಚಿಕೊಂಡಿತು.

"ಯಾರಮ್ಮ ನಿಂಗೆ ಹೇಳಿದ್ದು?"

"ಯಾರೂ ಇಲ್ಲ ಸಾರ್. ದೇವುಡಾ, ಕಾಣ್ತಾವ್ಳಲ್ಲ! ನೀಲಿ ಸೀರೆ, ತಲೆ ಮೇಲೆ ಸೌದೆ ಹೊರೆ. ಗೋಡೆ ಹತ್ರಾನೇ ನಿಂತವ್ಳೆ."

ಗೋಡೆಯ ಹತ್ತಿರ ಯಾರೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ನನಗೂ ಹೇಳದೆ ಮುಚ್ಚಿಟ್ಟಿದ್ದನ್ನು ಇವರು ಆಗ ಹೇಳಿದರು. ಸೌದೆ ಹೊತ್ತ ಹೆಂಗಸೊಬ್ಬಳು ಹಳಿ ದಾಟುತ್ತಿದ್ದಳಂತೆ. ಹಾರನ್ ಒತ್ತಿದರಂತೆ, ಬ್ರೇಕ್ ಹಾಕಿದರಂತೆ. ಅಷ್ಟು ಭಾರದ ಗಾಡಿ ನಿಲ್ಲಲಿಲ್ಲವಂತೆ. "ಕೊನೇಲಿ ಕಣ್ಣು ಮುಚ್ಕೊಂಡ್ಬಿಟ್ಟೆ ಕಣೇ ಶಾಮಲಾ. ಅವತ್ತಿಂದ ಹಳಿ ನೋಡಿದ್ರೆ ಸಾಕು, ಬೆನ್ನು ಮಾಡ್ಕೊಂಡು ನಿಂತಿರ್ತಾಳೆ."

"ಬೆನ್ನಲ್ಲ ಸಾರ್," ಎಂದಳು ಚಂದ್ರಕಲಾ ಮೆಲ್ಲಗೆ. "ಕೊನೇಲಿ ನಿಮ್ ಕಡೆ ತಿರುಗಿದ್ಳು. ನೀವು ನೋಡ್ಲಿಲ್ಲ, ಅಷ್ಟೇ."

"ಆ ಕೆಲಸ ಬೇಡ ಕಣಮ್ಮ, ಹೋಗ್ಬೇಡ" ಎಂದು ಇವರು ಅಂಗಲಾಚಿದರು. ಅವಳು ಹೋದಳು. ಮಹಾ ಹಠಮಾರಿ.

ಒಂದು ತಿಂಗಳಿಗೆ ಆಯ್ಕೆಪತ್ರ ಹಿಡಿದುಕೊಂಡು ಬಂದಳು. ಮುಖದಲ್ಲಿ ನಗುವಿರಲಿಲ್ಲ.

"ಹಳಿ ಮೇಲೆ ಜನ ಕಂಡ್ರೆ ಏನ್ಮಾಡ್ತೀಯ ಅಂತ ಕೇಳಿದ್ರು ಆಂಟಿ. ಹಾರನ್ ಒತ್ತೀನಿ, ಬ್ರೇಕ್ ಹಾಕ್ತೀನಿ, ಕಣ್ಣು ಮಾತ್ರ ಮುಚ್ಚಲ್ಲ ಅಂದೆ. ಹಂಗಂದಾಗ ಆ ನೀಲಿ ಸೀರೆಯವ್ಳು ಆಫೀಸರ್ ಹಿಂದೆ ನಿಂತಿದ್ಳು. ಅವತ್ತಿಂದ ನಾನು ಹೋದಲ್ಲೆಲ್ಲ ಬರ್ತಾಳೆ."

"ಅವತ್ತಿಂದ ಹಳಿ ನೋಡಿದ್ರೂ ನನಗೆ ಕಂಡಿಲ್ಲ" ಎಂದರು ಇವರು, ನೆಲ ನೋಡುತ್ತ.

ನಾನು ಅವಳ ಬಾಯಿಗೆ ಸಕ್ಕರೆ ಹಾಕಿದೆ. ಸದ್ಯ, ನನ್ನ ಗಂಡ ಬಚಾವಾದರಲ್ಲ ಎಂದುಕೊಂಡೆ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ, ಮೊದಲು ಬಂದ ಯೋಚನೆ ಅದೇ.